ಹತ್ತಿಗಾಗಿ ಹುಟ್ಟಿದ ಜಿಲ್ಲಾ ಕೇಂದ್ರ: ಕಾಳಿಯ ಜೊತೆ ಕಾರವಾರಕ್ಕೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. ನಮ್ಮ ಈ ನಾಲ್ಕು ತಾಲೂಕಿನವರಿಗೆ ಕಾರವಾರ ಅಂದರೆ ಡಿಸಿ ಆಫೀಸು, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೋರ್ಟು. ಕೈಯಲ್ಲಿ ಅರ್ಜಿ, ಚೀಲದಲ್ಲಿ ಬುತ್ತಿ, ಬೆಳಗಿನ ಮೊದಲ ಬಸ್ಸು. ಕೆಲಸ ಆಗಲಿ ಬಿಡಲಿ, ಸಂಜೆ ಬಸ್ಸು ತಪ್ಪಿಸಿಕೊಳ್ಳದೆ ಮರಳಿ ಘಟ್ಟ ಹತ್ತಬೇಕು. ಆಫೀಸಿನಿಂದ ಸಮುದ್ರ ನಡೆದು ಹೋಗುವಷ್ಟು ಹತ್ತಿರ ಇದ್ದರೂ ಅದನ್ನು ನೋಡದೇ ಬಂದವರು ನಮ್ಮಲ್ಲಿ ಎಷ್ಟೋ ಜನ.

ಈ ಓಡಾಟದಲ್ಲಿ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ. ಹಳಿಯಾಳದವರಿಗೆ ಧಾರವಾಡ ಹತ್ತಿರ, ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ. ಹಾಗಿದ್ದ ಮೇಲೆ ಇಷ್ಟು ದೊಡ್ಡ ಜಿಲ್ಲೆಯ ಕೇಂದ್ರವನ್ನು ಗೋವಾ ಗಡಿಗೆ ತಾಗಿದ ಮೂಲೆಯಲ್ಲಿ, ಸಮುದ್ರದ ದಂಡೆಯಲ್ಲಿ ಯಾಕೆ ಇಟ್ಟರು?

ಉತ್ತರ ಸಿಗುವುದು ಕಾರವಾರದ ಇತಿಹಾಸದಲ್ಲಿ. ಆ ಇತಿಹಾಸ ಬರೀ ಕರಾವಳಿಯದಲ್ಲ. ಘಟ್ಟದ ಮೇಲಿನ ಮೆಣಸು, ಬಟ್ಟೆ, ಹತ್ತಿ, ನೀರು ಇಲ್ಲದೆ ಆ ಊರೇ ಇಲ್ಲ. ಹಾಗಾಗಿ ನಾವು ಈ ಬರಹದಲ್ಲಿ ನಮ್ಮ ಕಾಳಿ ನದಿಯ ಜೊತೆಗೇ ಕೆಳಗಿಳಿಯುತ್ತೇವೆ. ಜೋಯಿಡಾ ತಾಲೂಕಿನ ಡಿಗ್ಗಿಯ ಕಡೆ ಹುಟ್ಟಿ, ಸೂಪಾ ಅಣೆಕಟ್ಟೆ ದಾಟಿ, ದಾಂಡೇಲಿಯನ್ನು ಬಳಸಿ, ಕದ್ರಾ ಮೂಲಕ 184 ಕಿ.ಮೀ. ಹರಿದು ಕಾಳಿ ಸಮುದ್ರ ಸೇರುವುದು ಕಾರವಾರದಲ್ಲೇ. ಅಣಶಿ ಘಟ್ಟ ಇಳಿದು ಹೋದರೆ ಊರಿನ ಇತಿಹಾಸವೂ ನದಿಯ ದಾರಿಯಲ್ಲೇ, ಒಂದಾದ ಮೇಲೆ ಒಂದರಂತೆ ಸಿಗುತ್ತದೆ.

ಮೊದಲ ಕಾರವಾರ ಕಡವಾಡದಲ್ಲಿತ್ತು

ಕದ್ರಾ, ಮಲ್ಲಾಪುರ ದಾಟಿ ನದಿಯ ಪಕ್ಕದಲ್ಲೇ ಬಂದರೆ ಕಾರವಾರಕ್ಕೆ ಮೊದಲು ಕಡವಾಡ ಸಿಗುತ್ತದೆ. ತೆಂಗು, ಗದ್ದೆ, ನದಿ ದಂಡೆಯ ಮನೆಗಳು. ಬಸ್ಸಿನ ಕಿಟಕಿಯಿಂದ ನೋಡಿದರೆ ಇಲ್ಲೊಂದು ಅಂತಾರಾಷ್ಟ್ರೀಯ ಬಂದರು ಇತ್ತು ಎಂದು ಯಾರೂ ನಂಬಲಿಕ್ಕಿಲ್ಲ. ಹಳೆಯ ಕಾರವಾರ ಇದ್ದದ್ದು ಈಗಿನ ಊರಿನಿಂದ ಸುಮಾರು ಮೂರು ಮೈಲಿ ಪೂರ್ವಕ್ಕೆ, ಕಾಳಿಯ ದಂಡೆಯ ಈ ಭಾಗದಲ್ಲಿ. ಕಡವಾಡ ಎಂಬ ಹೆಸರೇ ಬಾಯಿಂದ ಬಾಯಿಗೆ ಕಾರವಾರ ಆಯಿತು ಎನ್ನುವವರೂ ಇದ್ದಾರೆ.

1638ರಲ್ಲಿ ಇಂಗ್ಲಿಷರ ಕೋರ್ಟೀನ್ ಸಂಘ ಎಂಬ ವ್ಯಾಪಾರಿ ಕೂಟ ಇಲ್ಲಿ ಒಂದು ವಖಾರಿ ತೆರೆಯಿತು. ವಖಾರಿ ಅಂದರೆ ಮಾಲು ಕೊಂಡು, ಕೂಡಿಟ್ಟು, ಹಡಗಿಗೆ ತುಂಬುವ ಜಾಗ. ಆಗ ಈ ಪ್ರದೇಶ ವಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು. ಇಂಗ್ಲಿಷರು ಕೊಂಡದ್ದೇನು? ಮೆಣಸು, ಏಲಕ್ಕಿ, ಎಲ್ಲಕ್ಕಿಂತ ಹೆಚ್ಚಾಗಿ ನವಿರಾದ ಮಸ್ಲಿನ್ ಬಟ್ಟೆ. ಪಶ್ಚಿಮ ಭಾರತದ ಅತ್ಯುತ್ತಮ ಮಸ್ಲಿನ್ ಕಾರವಾರದಿಂದ ಹೋಗುತ್ತಿತ್ತು ಎಂಬ ಹೆಸರಿತ್ತು.

ಆ ಬಟ್ಟೆ ಕಾರವಾರದ್ದಲ್ಲ. ಹುಬ್ಬಳ್ಳಿ ಮತ್ತು ಸುತ್ತಲಿನ ಕೇಂದ್ರಗಳಲ್ಲಿ ಸುಮಾರು 50,000 ನೇಕಾರರು ಈ ವ್ಯಾಪಾರಕ್ಕಾಗಿ ನೇಯುತ್ತಿದ್ದರೆಂದು ಬೊಂಬಾಯಿ ಗೆಜೆಟಿಯರ್ ದಾಖಲಿಸಿದೆ. ಬಯಲು ಸೀಮೆಯಲ್ಲಿ ನೇಯ್ದ ಬಟ್ಟೆ ಸಮುದ್ರ ಮುಟ್ಟಬೇಕಾದರೆ ನಡುವಿನ ಕಾಡು, ಘಟ್ಟ ದಾಟಲೇಬೇಕು. ಲಂಡನ್ನಿನ ವ್ಯಾಪಾರಿ ಲೆಕ್ಕ ಬರೆಯುವ ಹೊತ್ತಿಗೆ ಆ ಗಂಟು ಎತ್ತುಗಳ ಬೆನ್ನ ಮೇಲೆ ನಮ್ಮ ಕಡೆಯ ಘಟ್ಟಗಳನ್ನು ಇಳಿದು ಹೋಗಿರುತ್ತಿತ್ತು.

ಹಣ ಇದ್ದಲ್ಲಿ ಕಣ್ಣೂ ಬೀಳುತ್ತದೆ. 1665ರಲ್ಲಿ ಶಿವಾಜಿ ಬಂದಾಗ ಇಂಗ್ಲಿಷರು ತಮ್ಮ ಪಾಲಿನ ಕಾಣಿಕೆ ಎಂದು 112 ಪೌಂಡ್ ಕೊಟ್ಟರು. 1674ರಲ್ಲಿ ಶಿವಾಜಿಯ ಪಡೆ ಊರನ್ನೇ ಸುಟ್ಟಿತು, ವಖಾರಿಯವರನ್ನು ಮಾತ್ರ ಮುಟ್ಟಲಿಲ್ಲ. 1684ರಲ್ಲಿ ಹಡಗೊಂದರ ಆಳುಗಳು ಆಕಳನ್ನು ಕದ್ದು ಕೊಂದರೆಂದು ಊರವರು ಸಿಟ್ಟಿಗೆದ್ದು ಇಂಗ್ಲಿಷರು ಓಡಿಹೋಗುವ ಸ್ಥಿತಿ ಬಂದಿತ್ತು. 1697ರಲ್ಲಿ ಮರಾಠರಿಂದ ಮತ್ತೆ ಲೂಟಿ. ಇಷ್ಟಾದರೂ ವಖಾರಿ ಮುಚ್ಚಿ, ತೆರೆದು, ಮತ್ತೆ ಮುಚ್ಚಿ ನಡೆಯಿತು. ಕೊನೆಗೆ ಅದನ್ನು ಎಬ್ಬಿಸಿದ್ದು ಘಟ್ಟದ ಮೇಲಿನ ಒಬ್ಬ ಅರಸ.

ಸದಾಶಿವಗಡ ಯಾರದು?

ಕಾಳಿ ಸಮುದ್ರ ಸೇರುವ ಬಾಯಿಯಲ್ಲಿ, ಉತ್ತರ ದಂಡೆಯ ಮೇಲೆ ಒಂದು ಗುಡ್ಡ. ಅದೇ ಸದಾಶಿವಗಡ. 'ಗಡ' ಅಂತ ಇರುವುದರಿಂದ ಇದು ಶಿವಾಜಿ ಕಟ್ಟಿಸಿದ್ದು ಎಂದು ಹೇಳುವವರು ಬಹಳ. ಆದರೆ ಶಿವಾಜಿ ತೀರಿಕೊಂಡದ್ದು 1680ರಲ್ಲಿ. ಕೋಟೆ ಎದ್ದದ್ದು 1715ರ ಹೊತ್ತಿಗೆ. ಕಟ್ಟಿಸಿದವನು ಸೋಂದೆಯ ಅರಸ ಬಸವಲಿಂಗರಾಜ. ಇಟ್ಟದ್ದು ತಂದೆ ಸದಾಶಿವನ ಹೆಸರು. ಸೋಂದೆ ಇರುವುದು ಶಿರಸಿಯ ಹತ್ತಿರ, ಕಾಡಿನ ನಡುವೆ. ಸ್ವಾದಿ ಎಂದೂ ಕರೆಯುತ್ತೇವೆ.

ಕಾಡಿನ ಅರಸನಿಗೆ ಸಮುದ್ರದ ಬಾಯಲ್ಲಿ ಕೋಟೆ ಯಾಕೆ ಬೇಕಿತ್ತು? ಗುಡ್ಡ ಹತ್ತಿ ನಿಂತರೆ ಯಾರೂ ಹೇಳಬೇಕಾಗಿಲ್ಲ. ಎಡಕ್ಕೆ ಒಳನಾಡಿನಿಂದ ಬರುವ ನದಿ, ಬಲಕ್ಕೆ ಸಮುದ್ರ. ಒಳಗೆ ಬರುವ ದೋಣಿ, ಹೊರಗೆ ಹೋಗುವ ಮಾಲು ಎರಡೂ ಕಣ್ಣ ಕೆಳಗೇ ಹಾಯಬೇಕು. ಘಟ್ಟದ ಮೆಣಸು ಬೆಳೆಯುವ ನೆಲ ತನ್ನದಾದರೆ ಸಾಲದು, ಅದು ಹಡಗು ಹತ್ತುವ ಜಾಗವೂ ತನ್ನ ಹಿಡಿತದಲ್ಲಿರಬೇಕು ಎಂಬ ಲೆಕ್ಕ ಆ ಅರಸರದು. ಹಳೆಯ ಕಾರವಾರದ ಕೋಟೆಯನ್ನು ಕೆಡವಿ ಈ ಹೊಸ ಕೋಟೆ ಎಬ್ಬಿಸಿದ ಮೇಲೆ ಇಂಗ್ಲಿಷರಿಗೆ ಉಸಿರುಕಟ್ಟಿತು. 1720ರಲ್ಲಿ ವಖಾರಿ ಬಿಟ್ಟು ಹೋದರು. 1750ರಲ್ಲಿ ಮತ್ತೆ ಬಂದರು. ಎರಡೇ ವರ್ಷಕ್ಕೆ, 1752ರಲ್ಲಿ, ಪೋರ್ಚುಗೀಸರು ಹಡಗುಪಡೆ ತಂದು ಸದಾಶಿವಗಡವನ್ನೇ ಹಿಡಿದರು.

ಮುಂದೆ ಹೈದರಾಲಿ ಬಂದ. ಸೋಂದೆಯ ಅರಸ ರಾಜ್ಯ ಬಿಟ್ಟು ಗೋವಾದಲ್ಲಿ ಪೋರ್ಚುಗೀಸರ ಆಶ್ರಯ ಪಡೆದ. ಯುದ್ಧದ ಮೇಲೆ ಯುದ್ಧ ಆಗಿ, 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಈ ಕಡೆ ಬಂದಾಗ ಹಳೆಯ ಕಾರವಾರ ಪಾಳುಬಿದ್ದಿತ್ತು. ಒಂದು ಕಾಲಕ್ಕೆ ಯುರೋಪಿಗೆ ಮಸ್ಲಿನ್ ಕಳಿಸಿದ ಊರು ನೂರೈವತ್ತು ವರ್ಷಗಳಲ್ಲಿ ಮಣ್ಣಾಯಿತು.

ಇವತ್ತು ಸದಾಶಿವಗಡದಲ್ಲಿ ಕೋಟೆಯ ಗೋಡೆಗಿಂತ ಗಿಡಗಂಟಿ ಹೆಚ್ಚು. ಹೆದ್ದಾರಿ ಗುಡ್ಡವನ್ನೇ ಸೀಳಿಕೊಂಡು ಗೋವಾ ಕಡೆ ಹೋಗುತ್ತದೆ. ಆದರೂ ದುರ್ಗಾದೇವಿ ಗುಡಿ ಇದೆ, ದರ್ಗಾ ಇದೆ, ಎರಡೂ ಕಡೆ ಜನ ಹೋಗುತ್ತಾರೆ.

ಅಮೆರಿಕದಲ್ಲಿ ಯುದ್ಧ, ಕಾರವಾರದಲ್ಲಿ ಪೇಟೆ

ಸದಾಶಿವಗಡದಿಂದ ಸೇತುವೆ ದಾಟಿದರೆ ಕೋಡಿಬಾಗ, ಅಲ್ಲಿಂದ ಮುಂದೆ ಈಗಿನ ಕಾರವಾರ. ಈ ಊರಿನ ವಯಸ್ಸು ಎಷ್ಟು ಕಡಿಮೆ ಎಂದು ಕೇಳಿದರೆ ಆಶ್ಚರ್ಯ ಆಗುತ್ತದೆ. 1862ಕ್ಕಿಂತ ಮೊದಲು ಇಲ್ಲಿ ಇದ್ದದ್ದು ಮೀನುಗಾರರ ಒಂದು ಹಳ್ಳಿ.

ಆ ವರ್ಷ ಏನಾಯಿತು? ಅದಕ್ಕೆ ಸಮುದ್ರದ ಆಚೆ ಹೋಗಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಊರಿನ ಬಟ್ಟೆ ಗಿರಣಿಗಳು ಅಮೆರಿಕದ ಹತ್ತಿಯನ್ನು ನಂಬಿಕೊಂಡಿದ್ದವು. 1861ರಲ್ಲಿ ಅಮೆರಿಕದಲ್ಲಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಶುರುವಾಯಿತು. ಹತ್ತಿ ಬರುವುದು ನಿಂತಿತು. ಗಿರಣಿಗಳು ಮುಚ್ಚಿದವು, ಕೂಲಿಗಳು ಬೀದಿಗೆ ಬಿದ್ದರು. ಎಲ್ಲರ ಕಣ್ಣು ಹಿಂದೂಸ್ತಾನದ ಕರಿಮಣ್ಣಿನ ಮೇಲೆ ಬಿತ್ತು. ಹುಬ್ಬಳ್ಳಿ, ಧಾರವಾಡದ ಬಯಲಿನಲ್ಲಿ ಹತ್ತಿ ಇತ್ತು. ಅದನ್ನು ಹಡಗಿಗೆ ಮುಟ್ಟಿಸುವುದೇ ಕಷ್ಟ.

ಅಲ್ಲಿಯವರೆಗೆ ಧಾರವಾಡದ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಹೋಗಿ, ಅಲ್ಲಿಂದ ಬೊಂಬಾಯಿ ಸೇರುತ್ತಿತ್ತು. ಧಾರವಾಡದಲ್ಲಿ ಬೆಳೆದ ಹತ್ತಿಗೆ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರು. ಆದರೆ ಕುಮಟಾದ ಕಡಲು ಬಟ್ಟಬಯಲು. ದೊಡ್ಡ ಹಡಗು ದೂರವೇ ನಿಲ್ಲಬೇಕು. ಕಾರವಾರದ ಕೊಲ್ಲಿ ಹಾಗಲ್ಲ. ಬೈತಖೋಲದ ಗುಡ್ಡ ಗಾಳಿಗೆ ಅಡ್ಡ ನಿಂತಿದೆ, ಎದುರಿಗೆ ದ್ವೀಪಗಳ ಕಾವಲಿದೆ, ನೀರು ಆಳವಿದೆ. ಇಲ್ಲೇ ಬಂದರು ಮಾಡಿ ಎಂದು ಮ್ಯಾಂಚೆಸ್ಟರಿನವರು ಸರ್ಕಾರದ ಬೆನ್ನು ಬಿದ್ದರು.

ಒಂದು ತೊಡಕಿತ್ತು. ಹತ್ತಿ ಬೆಳೆಯುವ ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿ. ಬಂದರು ಆಗಬೇಕಾದ ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ. ರಸ್ತೆ ಒಬ್ಬರದು, ದಕ್ಕೆ ಇನ್ನೊಬ್ಬರದು. ಸರ್ಕಾರ ಇದನ್ನು ಬಗೆಹರಿಸಿದ ರೀತಿ ನೋಡಿ: 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸಿನಿಂದ ಕಿತ್ತು ಬೊಂಬಾಯಿಗೆ ಸೇರಿಸಿತು. ಜಿಲ್ಲೆಯ ಕಚೇರಿಗಳು ಕಾರವಾರದಲ್ಲಿ ಎದ್ದವು. 1864ರಲ್ಲಿ ಪುರಸಭೆ ಆಯಿತು. ಅದೇ ವರ್ಷ ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದು ಬರುವ ದಾರಿಗೆ ಎಂದಿಲ್ಲದ ಬೆಲೆ ಬಂತು.

ನಮ್ಮ ಪ್ರಶ್ನೆಗೆ ಉತ್ತರ ಇದೇ. ಹಳಿಯಾಳದ ರೈತ, ಮುಂಡಗೋಡದ ವಿಧವೆ, ಜೋಯಿಡಾದ ಕುಣಬಿ ಕುಟುಂಬ ಅರ್ಜಿ ಕೊಡಲು ಎಲ್ಲಿಗೆ ಬರಬೇಕು ಎಂದು ಯಾರೂ ಯೋಚಿಸಿ ಜಿಲ್ಲಾ ಕೇಂದ್ರ ಆರಿಸಲಿಲ್ಲ. ಹತ್ತಿಯ ಹಿಂಡಿಗೆಗಳು ಎಲ್ಲಿ ಹಡಗು ಹತ್ತುತ್ತವೆ ಎಂದು ನೋಡಿ ಆರಿಸಿದರು.

ಆ ನಿರ್ಧಾರದ ಇನ್ನೊಂದು ಪರಿಣಾಮವೂ ಇದೆ. ಅಲ್ಲಿಂದ 1956ರವರೆಗೆ ಉತ್ತರ ಕನ್ನಡ ಬೊಂಬಾಯಿಗೆ, ದಕ್ಷಿಣ ಕನ್ನಡ ಮದ್ರಾಸಿಗೆ. ಒಂದೇ ಕರಾವಳಿ ತೊಂಬತ್ನಾಲ್ಕು ವರ್ಷ ಬೇರೆ ಬೇರೆ ಮನೆಯಲ್ಲಿ ಬೆಳೆಯಿತು.

ಕ್ಯಾಸಲ್‌ರಾಕ್ ಮಾಡಿದ ಕೆಲಸ

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ದರ ದಿಢೀರನೆ ಬಿತ್ತು. ಬೊಂಬಾಯಿಯಲ್ಲಿ ಹತ್ತಿ ಹಣದ ಮೇಲೆ ಎದ್ದಿದ್ದ ಕಂಪನಿಗಳು ಒಂದರ ಹಿಂದೆ ಒಂದು ಮುಳುಗಿದವು. ಆದರೂ ಕಾರವಾರದವರಿಗೆ ಒಂದು ಆಸೆ ಉಳಿದಿತ್ತು. ಹುಬ್ಬಳ್ಳಿಯಿಂದ ರೈಲು ಬಂದರೆ ಬಂದರು ಬದುಕುತ್ತದೆ.

ರೈಲು ಬಂತು, ಕಾರವಾರಕ್ಕಲ್ಲ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು. 1888ರ ಹೊತ್ತಿಗೆ ಗೋವಾದ ಮಾರ್ಮಗೋವಾ ಬಂದರಿನಿಂದ ದೂಧಸಾಗರದ ಪಕ್ಕದಲ್ಲಿ ಘಟ್ಟ ಹತ್ತಿ ಹಳಿಗಳು ಮೇಲೆ ಬಂದವು. ಎರಡು ಸರ್ಕಾರಗಳ ರೈಲು ಕೂಡಿದ ಜಾಗ ಕ್ಯಾಸಲ್‌ರಾಕ್. ಅದು ಇರುವುದು ನಮ್ಮದೇ ಜೋಯಿಡಾ ತಾಲೂಕಿನಲ್ಲಿ. ಬಯಲು ಸೀಮೆಯ ಮಾಲು ಇನ್ನು ಅರಬೈಲ್ ಇಳಿಯಬೇಕಾಗಿಲ್ಲ. ಕ್ಯಾಸಲ್‌ರಾಕ್ ದಾಟಿದರೆ ಗೋವಾದ ಹಡಗು.

ಚಕ್ಕಡಿಯ ದಾರಿ ಕಾರವಾರವನ್ನು ಹುಟ್ಟಿಸಿತ್ತು. ರೈಲಿನ ದಾರಿ ಅದರ ಬಂದರನ್ನು ಬಡವಾಗಿಸಿತು. ಎರಡೂ ದಾರಿ ಹಾದದ್ದು ನಮ್ಮ ಕಾಡಿನ ಮೂಲಕವೇ. ಬಂದರಿನ ಕನಸು ಸೊರಗಿತು, ಕಚೇರಿಗಳು ಮಾತ್ರ ಉಳಿದವು. ನಾವು ಇವತ್ತಿಗೂ ಅಲ್ಲಿಗೆ ಹೋಗುತ್ತಿದ್ದೇವೆ. ಕೊಂಕಣ ರೈಲು ಪೂರ್ತಿಯಾಗಿ ಶುರುವಾದದ್ದು 1998ರಲ್ಲಿ. ಅದು ಕರಾವಳಿಯ ಉದ್ದಕ್ಕೆ ಓಡುತ್ತದೆ, ಘಟ್ಟ ಹತ್ತುವುದಿಲ್ಲ. ಅದರ ಕಾರವಾರ ನಿಲ್ದಾಣ ಇರುವುದು ಶಿರವಾಡದಲ್ಲಿ, ಹಳೆಯ ಕಾರವಾರದ ಕಡೆಗೇ. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ಕಾಡು ಮತ್ತು ಕೋರ್ಟಿನ ನಡುವೆ ಸಿಕ್ಕಿಕೊಂಡು ದಶಕಗಳಾದವು.

ಇಪ್ಪತ್ತೆರಡರ ರವೀಂದ್ರ

ವ್ಯಾಪಾರ ಸೊರಗಿದ ಊರಿನಲ್ಲಿ ಚೆಲುವು ಉಳಿಯಿತು. 1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಟಾಗೋರ್, ಐಸಿಎಸ್ ಪಾಸಾದ ಮೊದಲ ಭಾರತೀಯ. ಅವರ ಮನೆಗೆ ಇಪ್ಪತ್ತೆರಡು ವರ್ಷದ ತಮ್ಮ ಬಂದು ಉಳಿದ. ಆ ತಮ್ಮನೇ ರವೀಂದ್ರನಾಥ.

ಒಂದು ಬೆಳದಿಂಗಳ ರಾತ್ರಿ ಅವರೆಲ್ಲ ದೋಣಿ ಹತ್ತಿ ನಮ್ಮ ಕಾಳಿಯಲ್ಲಿ ಹರಿವಿಗೆ ಎದುರಾಗಿ ಹೋದರು. ದಂಡೆಯ ರೈತನೊಬ್ಬನ ಮನೆಯ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತರು. ಮರಳುವಾಗ ಕಂಡ ನಿಶ್ಶಬ್ದ ಕಡಲು, ಮರಳು, ಗಾಳಿಮರಗಳ ಸಾಲು ರವೀಂದ್ರರ ಮನಸ್ಸಿನಲ್ಲಿ ಕೊನೆತನಕ ನಿಂತವು. ಅವರು ತಮ್ಮ ನೆನಪುಗಳಲ್ಲಿ ಇದನ್ನು ಬರೆದಿದ್ದಾರೆ. ಗುಡ್ಡದ ಕೋಟೆಯನ್ನು ಶಿವಾಜಿಯದು ಎಂದೇ ಅವರೂ ಬರೆದರು. ಲೋಕ ಬಿಟ್ಟು ಹೊರಟ ಸನ್ಯಾಸಿಯನ್ನು ಒಬ್ಬ ಚಿಕ್ಕ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆಯುವ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಕಾರವಾರದಲ್ಲೇ. ಈಗ ಕಡಲತೀರಕ್ಕೆ ಅವರದೇ ಹೆಸರು. ಅರ್ಜಿ ಕೊಟ್ಟು ಬಸ್ಸಿಗೆ ಕಾಯುವವರು ಕೂರಬಹುದಾದ ಜಾಗ ಅದು.

ಎದುರಿನ ದ್ವೀಪ

ತೀರದ ದಕ್ಷಿಣಕ್ಕೆ ಬೈತಖೋಲ. ಬಂದರು ಇಲ್ಲೇ ಇದೆ, ಮೀನುಗಾರರ ದೋಣಿಗಳೂ ಇಲ್ಲೇ. ಇಲ್ಲಿಂದಾಚೆ ಸಮುದ್ರದಲ್ಲಿ ಅಂಜದೀವ್ ಎಂಬ ದ್ವೀಪ ಇದೆ. ಕಾರವಾರಕ್ಕೆ ಹತ್ತಿರ ಇದ್ದರೂ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು. 1498ರಲ್ಲಿ ವಾಸ್ಕೋ ಡ ಗಾಮ ಮರಳಿ ಹೋಗುವಾಗ ಹಡಗು ದುರಸ್ತಿಗೆ ನಿಂತದ್ದು ಇಲ್ಲಿ.

ಮುಂಬೈ ಇಂಗ್ಲಿಷರಿಗೆ ಪೋರ್ಚುಗೀಸರ ಮದುವೆ ಬಳುವಳಿಯಾಗಿ ಬಂತು ಎಂದು ಶಾಲೆಯಲ್ಲಿ ಓದಿದ್ದೇವೆ. ಅದನ್ನು ವಹಿಸಿಕೊಳ್ಳಲು 1662ರಲ್ಲಿ ಬಂದ ಸುಮಾರು ನಾನೂರು ಸೈನಿಕರಿಗೆ ಮುಂಬೈಯ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಆ ಸೈನಿಕರು ಬಂದು ಬಿಡಾರ ಹೂಡಿದ್ದು ಅಂಜದೀವ್‌ನಲ್ಲಿ. ಮಳೆ, ಜ್ವರ, ಹಸಿವಿನಲ್ಲಿ ಒಬ್ಬೊಬ್ಬರೇ ಸತ್ತರು, ನಾಯಕ ಅಬ್ರಹಾಂ ಶಿಪ್‌ಮನ್ ಕೂಡ. 1665ರಲ್ಲಿ ಮುಂಬೈ ಕೈಗೆ ಬಂದಾಗ ಬದುಕಿದ್ದವರು ನೂರರ ಆಸುಪಾಸು. 1961ರ ಡಿಸೆಂಬರಿನಲ್ಲಿ ಈ ದ್ವೀಪವನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟರು.

ಪೋರ್ಚುಗೀಸರ ಹಡಗುಗಳ ಕತೆ ಕಡಲಿನಲ್ಲೇ ಮುಗಿಯುವುದಿಲ್ಲ. ಆಫ್ರಿಕಾದಿಂದ ಆ ಹಡಗುಗಳಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು ನಮ್ಮ ಸಿದ್ದಿ ಬಂಧುಗಳಲ್ಲಿ ಇದ್ದಾರೆ. ಹಳಿಯಾಳ, ಮುಂಡಗೋಡ, ಜೋಯಿಡಾದ ಸಿದ್ದಿ ಕೇರಿಗಳಿಗೂ ಈ ಸಮುದ್ರಕ್ಕೂ ನೂರಾರು ವರ್ಷದ ನೋವಿನ ನಂಟಿದೆ.

ಮೇಲೆ ಮುಳುಗಡೆ, ಕೆಳಗೆ ಎತ್ತಂಗಡಿ

ಬೈತಖೋಲದಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಹೋದರೆ ಅರ್ಗಾ. ಇಲ್ಲಿಂದ ಶುರು ನೌಕಾನೆಲೆ. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಶುರುವಾಯಿತು. ದೇಶಕ್ಕೆ ಬೇಕಾದ ಕೆಲಸ, ಸರಿ. ಆದರೆ ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದರು. ಪರಿಹಾರದ ಪ್ರಕರಣಗಳು ದಶಕಗಳ ಕಾಲ ಕೋರ್ಟಿನಲ್ಲಿ ನಡೆದವು.

ಇದನ್ನು ಓದುವಾಗ ಜೋಯಿಡಾದವರಿಗೆ ಸೂಪಾ ನೆನಪಾಗದೆ ಇರುವುದಿಲ್ಲ. ಕಾಳಿಯೂ ಪಾಂಡರಿಯೂ ಕೂಡುವಲ್ಲಿ ಇದ್ದ ಸೂಪಾ ನಮ್ಮ ತಾಲೂಕಿನ ಹಳೆಯ ಕೇಂದ್ರ. 101 ಮೀಟರ್ ಎತ್ತರದ ಅಣೆಕಟ್ಟೆ ಎದ್ದು ಪೇಟೆ, ಗುಡಿ, ಗದ್ದೆ ನೀರಿನಡಿ ಹೋದವು. ಜನ ರಾಮನಗರ ಮತ್ತಿತರ ಕಡೆ ಹೋಗಿ ನೆಲೆಸಿದರು. ಒಂದೇ ನದಿಯ ತಲೆಯಲ್ಲಿ ಬೆಳಕಿಗಾಗಿ ಎಬ್ಬಿಸಿದರು, ಅದರ ಬಾಯಿಯ ಪಕ್ಕದಲ್ಲಿ ರಕ್ಷಣೆಗಾಗಿ ಎಬ್ಬಿಸಿದರು. ಘಟ್ಟದ ಮೇಲಿನವರು, ಕೆಳಗಿನವರು ಎಂದು ನಾವು ಬೇರೆ ಬೇರೆ ಕೂತು ಮಾತಾಡುತ್ತೇವೆ. ಕಳೆದುಕೊಂಡದ್ದರ ಪಟ್ಟಿ ಮಾಡಿದರೆ ಎರಡೂ ಒಂದೇ ಕಾಗದದಲ್ಲಿ ಬರೆಯಬಹುದು.

2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೆಳಗಿನ ದಂಡೆಯ ಮನೆಗಳಿಗೆ ಕಾಳಿ ನುಗ್ಗಿತು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಅಲೆತಡೆಗೋಡೆ ಬೇಡವೆಂದು ಮೀನುಗಾರರು ಬೀದಿಗಿಳಿದರು. ಟಾಗೋರ್ ತೀರ ತಮ್ಮ ಕೈತಪ್ಪುತ್ತದೆ ಎಂಬ ಭಯ ಅವರದು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ಕಟ್ಟಿ ನಲವತ್ತು ವರ್ಷ ಆಗಿತ್ತು ಅಷ್ಟೇ. ಲಾರಿ ಸಮೇತ ನದಿಗೆ ಬಿದ್ದ ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು.

ಮುಂದಿನ ಸಲ ಹೋದಾಗ

ಶಿರಸಿ ಕೇಂದ್ರವಾಗಿ ಘಟ್ಟದ ಮೇಲಿನವರಿಗೆ ಬೇರೆ ಜಿಲ್ಲೆ ಬೇಕು ಎಂಬ ಕೂಗು ಹಳೆಯದು. ಬೇಕೋ ಬೇಡವೋ, ಆ ಚರ್ಚೆ ನಡೆಯಲಿ. ಆದರೆ ಜಿಲ್ಲಾ ಕೇಂದ್ರ ಎಂಬುದು ದೇವರು ಇಟ್ಟ ಕಲ್ಲಲ್ಲ. 1862ರಲ್ಲಿ ಹತ್ತಿಯ ಲೆಕ್ಕ ಹಾಕಿ ಇಟ್ಟದ್ದು. ಹೊಸದಾಗಿ ಲೆಕ್ಕ ಹಾಕುವಾಗ ಅಲ್ಲಿಗೆ ನಡೆದು ಬರುವ ಜನರನ್ನು ಮೊದಲು ಎಣಿಸಿ ಎಂದು ಕೇಳುವ ಹಕ್ಕು ನಮಗಿದೆ. ಹಾಗೆ ಕೇಳುವಾಗ ದಂಡೆಯ ಮೀನುಗಾರರನ್ನೂ ಎಣಿಸಬೇಕು. ಅವರೂ ಯಾರದೋ ಲೆಕ್ಕದಲ್ಲಿ ಬಿಟ್ಟುಹೋದವರೇ.

ಮುಂದಿನ ಸಲ ಕಾರವಾರಕ್ಕೆ ಹೋದಾಗ ಎರಡು ತಾಸು ಹೆಚ್ಚು ಇಟ್ಟುಕೊಳ್ಳಿ. ಅಣಶಿ ದಾರಿಯಲ್ಲಿ ಹೋದರೆ ಕಡವಾಡದಲ್ಲಿ ಕಿಟಕಿಯ ಹೊರಗೆ ನೋಡಿ. ಕೆಲಸ ಮುಗಿದ ಮೇಲೆ ಸದಾಶಿವಗಡದ ಗುಡ್ಡ ಹತ್ತಿ. ಮಕ್ಕಳು ಜೊತೆಗಿದ್ದರೆ ಟಾಗೋರ್ ತೀರದ ಪಕ್ಕದಲ್ಲಿ ಐಎನ್‌ಎಸ್ ಚಾಪಲ್ ಎಂಬ ಯುದ್ಧನೌಕೆಯ ವಸ್ತುಸಂಗ್ರಹಾಲಯ ತೋರಿಸಿ. ಸಂಜೆ ಕೋಡಿಬಾಗದ ಕಡೆ ನದಿಯ ಬಾಯಿ ಹತ್ತಿರ ಒಂದು ಗಳಿಗೆ ನಿಲ್ಲಿ. ಸಿಹಿನೀರು ಎಲ್ಲಿ ಮುಗಿಯಿತು, ಉಪ್ಪುನೀರು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ. ಡಿಗ್ಗಿಯ ಕಾಡಿನಲ್ಲಿ ಬಿದ್ದ ಮಳೆಯೂ ಆ ನೀರಿನಲ್ಲೇ ಇದೆ.